ಮೂರನೇ ಮಹಡಿಗೆ ಅಮ್ಮನ ಕುರ್ಚಿ

ನಮ್ಮೂರಿನಲ್ಲಿ ಮಹಡಿ ಅಂತ ಒಂದೂ ಇರಲಿಲ್ಲ. ಶಾಲೆ, ಆಸ್ಪತ್ರೆ, ಪುರಸಭೆ, ಸಿನಿಮಾ ಟಾಕೀಸು ಎಲ್ಲವೂ ನೆಲಕ್ಕೆ ಅಂಟಿಕೊಂಡೇ ಇದ್ದವು. ಊರನ್ನು ಮೇಲಿನಿಂದ ನೋಡುವ ಭಾಗ್ಯ ಕಾಗೆಗಳಿಗೆ ಮಾತ್ರ. ಹೊರಗಿನಿಂದ ಬಂದವರು ಇದೇನು ಹೀಗೆ ಎಂದು ಕೇಳಿದರೆ ನಾವು ಕುರ್ಚಿ ತೋರಿಸುತ್ತಿದ್ದೆವು. ನಮ್ಮಲ್ಲಿ ಹುಟ್ಟಿದ ಪ್ರತಿಯೊಬ್ಬರಿಗೂ ನಾಮಕರಣದ ದಿನ ಒಂದು ಮರದ ಕುರ್ಚಿ ಬರುತ್ತದೆ. ಅವರು ಅದರ ಮೇಲೆ ಕೂತಷ್ಟೂ ಅದು ಹಗುರ, ಕೂರದಷ್ಟೂ ಭಾರ. ಬೇರೆಯವರು ಕೂತದ್ದು ಲೆಕ್ಕಕ್ಕಿಲ್ಲ. ತನ್ನ ಕುರ್ಚಿ ಇಲ್ಲದ ಸೂರಿನಡಿ ಮಲಗಿದವರಿಗೆ ಬೆಳಗಿನ ತನಕ ನಿದ್ದೆ ಹತ್ತುವುದಿಲ್ಲ. ಹಾಗಾಗಿ ಮನುಷ್ಯ ಎಲ್ಲಿ ಸಂಸಾರ ಹೂಡಿದರೂ ಕುರ್ಚಿ ಅವನ ಹಿಂದೆಯೇ ಹೋಗಬೇಕು.

ಗಂಡಸರ ಕುರ್ಚಿಗಳ ಬಗ್ಗೆ ಹೇಳುವುದೇನೂ ಇಲ್ಲ. ನಮ್ಮಪ್ಪ ಚನ್ನಬಸಪ್ಪನವರ ಕುರ್ಚಿ ಫ್ಯಾನು ಜೋರು ಮಾಡಿದರೆ ಜರುಗುತ್ತಿತ್ತು. ಅದರ ಮೇಲೆ ರುಬ್ಬುಗುಂಡು ಇಟ್ಟು ಮಲಗುತ್ತಿದ್ದೆವು. ಅಮ್ಮ ಪುಟ್ಟಗೌರಮ್ಮನ ಕುರ್ಚಿ ಮಾತ್ರ ಹಿತ್ತಲ ಬಾಗಿಲ ಪಕ್ಕ ಒಂದು ಕಲ್ಲಿನ ಮೇಲೆ ನಿಂತಿತ್ತು. ಆ ಕಲ್ಲಿಗೆ ಹೆಂಗಸರ ಚಪ್ಪಡಿ ಎಂದು ಹೆಸರು. ಮನೆ ಕಟ್ಟುವ ಮೇಸ್ತ್ರಿ ಪಾಯ ತೆಗೆಯುವ ಮುಂಚೆ ಕೇಳುತ್ತಿದ್ದುದೇ ಮನೆಯಲ್ಲಿ ಹೆಂಗಸರು ಎಷ್ಟು ಜನ ಎಂದು. ಅಷ್ಟು ಚಪ್ಪಡಿ ಹಾಸದಿದ್ದರೆ ನೆಲ ಕುಸಿಯುತ್ತಿತ್ತು. ಅಮ್ಮನ ಕುರ್ಚಿಗೆ ನಾವು ಬಟ್ಟೆ ಒಣಹಾಕುವ ಹಗ್ಗದ ತುದಿ ಬಿಗಿದಿದ್ದೆವು. ಎದುರು ಮನೆಯ ಜಯಶೀಲಮ್ಮನ ಕುರ್ಚಿಗೆ ಎಮ್ಮೆ ಕಟ್ಟುತ್ತಿದ್ದರು. ಅದರಲ್ಲಿ ಏನೋ ಒಂದು ವಿಚಿತ್ರ ಇದೆ ಎಂದು ಯಾರಿಗೂ ಅನ್ನಿಸುತ್ತಿರಲಿಲ್ಲ. ನನಗೂ ಇಪ್ಪತ್ತೊಂದು ವರ್ಷ ಅನ್ನಿಸಿರಲಿಲ್ಲ, ಸುಳ್ಳು ಯಾಕೆ ಹೇಳಲಿ.

ಆಮೇಲೆ ನಾನು ಮಹಿಳಾ ಅಧ್ಯಯನದಲ್ಲಿ ಎಂ.ಎ. ಸೇರಿದೆ. ದೊಡ್ಡ ಧ್ಯೇಯವಿತ್ತು ಎಂದುಕೊಳ್ಳಬೇಡಿ; ಸಮಾಜಶಾಸ್ತ್ರಕ್ಕೆ ಅರ್ಜಿ ಹಾಕುವ ಕೊನೆಯ ದಿನ ತಪ್ಪಿಹೋಗಿತ್ತು, ಇದರಲ್ಲಿ ಸೀಟು ಉಳಿದಿತ್ತು. ನಮ್ಮ ದೊಡ್ಡಪ್ಪನಂತೂ, "ಹೆಂಗಸರನ್ನ ಓದೋಕೆ ಕಾಲೇಜಿಗ್ಯಾಕೆ ಹೋಗ್ಬೇಕು ದಾಕ್ಷಿ, ಮನೇಲೇ ಇದಾರಲ್ಲ," ಎಂದು ಸಿಕ್ಕಿದವರಿಗೆಲ್ಲ ಹೇಳಿ ನಗಿಸಿದರು. ಮೊದಲ ತಿಂಗಳು ನನಗೂ ಅದೇ ಅನುಮಾನ. ಎರಡನೇ ತಿಂಗಳಲ್ಲಿ ವಿಮಲಾಕ್ಷಿ ಮೇಡಂ ಒಂದು ಪಾಠ ಮಾಡಿದರು. "ಹೆಂಗಸನ್ನ ನೀವು ಏನು ಕೆಲಸ ಮಾಡ್ತೀರಿ ಅಂತ ಕೇಳಬೇಡಿ. ಏನೂ ಇಲ್ಲ, ಮನೇಲೇ ಇರ್ತೀನಿ ಅಂತಾಳೆ. ನಿನ್ನೆ ಎದ್ದಾಗಿನಿಂದ ಮಲಗೋವರೆಗೆ ಏನೇನಾಯ್ತು ಹೇಳಿ ಅಂತ ಕೇಳಿ. ಕೇಳಿ ಸುಮ್ಮನೆ ಕೂತ್ಕೊಳ್ಳಿ," ಎಂದರು. ರಜೆಯಲ್ಲಿ ಊರಿಗೆ ಬಂದಾಗ ಅಮ್ಮನನ್ನು ಕೇಳಿದೆ. ಅವಳು ಹೇಳಿ ಮುಗಿಸುವ ಹೊತ್ತಿಗೆ ಎರಡು ಸಲ ಹಾಲು ಉಕ್ಕಿತ್ತು. ಅಂದಿನಿಂದ ನನಗೆ ಓದಿನ ಹುಚ್ಚು ಹತ್ತಿತು. ಕಣ್ಣಿಗೆ ಕನ್ನಡಕ ಬಂದವರಿಗೆ ಮರದ ಎಲೆಗಳು ಬೇರೆ ಬೇರೆಯಾಗಿ ಕಾಣುತ್ತವಲ್ಲ, ಹಾಗೆ ಕಾಣತೊಡಗಿತು ಊರು.

ಪದವಿ ಮುಗಿಸಿ ಬಂದ ಮೇಲೆ ಪುರಸಭೆಯಲ್ಲಿ ತಾತ್ಕಾಲಿಕ ಗುಮಾಸ್ತೆಯ ಕೆಲಸಕ್ಕೆ ಕರೆದರು. ಅಧ್ಯಕ್ಷರು ದಿನಾ ಮನೆಯಿಂದ ತರಿಸುವ ಕುರ್ಚಿ ಗಾಳಿಗೆ ಹಾರಿಹೋಗದಂತೆ ಮೇಜಿಗೆ ಸರಪಳಿ ಹಾಕಿತ್ತು. ಅವರು ಅದರಲ್ಲಿ ಕೂತುಕೊಂಡೇ ನನ್ನ ಅಂಕಪಟ್ಟಿಯನ್ನು ಹಿಂದೆ ಮುಂದೆ ತಿರುಗಿಸಿ, "ಮಹಿಳಾ ಅಧ್ಯಯನ ಅಂದ್ರೆ ಹೊಲಿಗೆ ಕಲಿಸ್ತಾರೇನಮ್ಮ?" ಎಂದು ಕೇಳಿದರು. "ಇಲ್ಲ ಸರ್, ಪ್ರಶ್ನೆ ಕೇಳೋದು ಕಲಿಸ್ತಾರೆ," ಎಂದೆ. ಅಕ್ಷರ ದುಂಡಗಿದೆ ಎಂಬ ಒಂದೇ ಕಾರಣಕ್ಕೆ ಕೆಲಸ ಕೊಟ್ಟರು.

ಆ ವರ್ಷವೇ ಊರಿಗೆ ಮೊದಲ ಮಹಡಿ ಬಂದದ್ದು. ನಾವಿದ್ದ ಗಿರಣಿ ಸಾಲಿನ ನಲವತ್ತೆಂಟು ಮನೆಗಳನ್ನು ಕೆಡವಿ ಅಲ್ಲಿ ಬಸ್ ನಿಲ್ದಾಣ ಮಾಡುತ್ತೇವೆಂದೂ, ಅಷ್ಟೂ ಸಂಸಾರಗಳಿಗೆ ಹೊಳೆದಂಡೆಯಲ್ಲಿ ಮೂರು ಅಂತಸ್ತಿನ ಕಟ್ಟಡದಲ್ಲಿ ಮನೆ ಕೊಡುತ್ತೇವೆಂದೂ ಪುರಸಭೆ ಹೇಳಿತು. ಕಟ್ಟಿದವರು ಹೊರಗಿನಿಂದ ಬಂದ ಇಂಜಿನಿಯರ್ ಪದ್ಮರಾಜಯ್ಯನವರು. ತುಂಬಾ ಸಜ್ಜನರು, ಇರುವೆ ಕಂಡರೆ ಹೆಜ್ಜೆ ಬದಲಿಸುವವರು. ಯಾರಿಗೆ ಯಾವ ಮನೆ ಎಂದು ಚೀಟಿ ಎತ್ತಿಸಿದಾಗ ಅಮ್ಮನ ಕೈಗೆ ಮೂರನೇ ಮಹಡಿಯ ಮೂಲೆ ಮನೆ ಬಂತು. ಐವತ್ತೆರಡು ವರ್ಷ ಅವಳು ಏಣಿಗಿಂತ ಎತ್ತರದ ಯಾವುದನ್ನೂ ಹತ್ತಿದವಳಲ್ಲ. ಚೀಟಿಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು ಬಂದವಳು ಸಂಜೆಯವರೆಗೆ ಯಾರಿಗೂ ಹೇಳಲಿಲ್ಲ. ಅಷ್ಟು ಸಂತೋಷವನ್ನು ಹೇಗೆ ಹೇಳಬೇಕೆಂದೇ ಅವಳಿಗೆ ಗೊತ್ತಿರಲಿಲ್ಲ. ಆಮೇಲೆ ದಿನಾ ಸಂತೆಯಿಂದ ಬರುವಾಗ ಸುತ್ತು ಹಾಕಿ ಆ ಕಟ್ಟಡದ ಮುಂದೆ ನಿಂತು, ಕೆಳಗಿನಿಂದ ಎಣಿಸಿ, ತನ್ನ ಕಿಟಕಿ ಯಾವುದೆಂದು ನೋಡಿ ಬರುತ್ತಿದ್ದಳು. ಎಲ್ಲಿ ಏನಿಡಬೇಕು, ಕೊತ್ತಂಬರಿ ಬೆಳೆಯೋ ಡಬ್ಬ ಯಾವ ಕಿಟಕಿಗೆ, ಎಲ್ಲ ತೀರ್ಮಾನವಾಗಿತ್ತು.

ನನಗೆ ಕೊಟ್ಟ ಮೊದಲ ಕೆಲಸ ಆ ನಲವತ್ತೆಂಟು ಸಂಸಾರಗಳ ಫಾರಂಗಳನ್ನು ನಕಲು ಮಾಡುವುದು. ಕಂಬ ತೊಲೆಗಳ ಲೆಕ್ಕಕ್ಕೆಂದು ಪದ್ಮರಾಜಯ್ಯನವರು ಪ್ರತಿ ಮನೆಯ ಯಜಮಾನರಿಂದ ಬರೆಸಿಕೊಂಡದ್ದು ಅದರಲ್ಲಿತ್ತು: ಮನೆಯಲ್ಲಿ ಎಷ್ಟು ಕುರ್ಚಿ, ಯಾವುದು ಎಷ್ಟು ತೂಕ. ನಾಲ್ಕನೇ ಫಾರಂಗೆ ನನ್ನ ಪೆನ್ನು ನಿಂತಿತು. ಹೆಂಡತಿಯ ಕುರ್ಚಿ ಹತ್ತು ಕೆಜಿ. ಐದನೆಯದರಲ್ಲಿ ತಾಯಿಯದು ಹತ್ತು ಕೆಜಿ, ಹೆಂಡತಿಯದು ಹತ್ತು ಕೆಜಿ. ಪಟಪಟನೆ ಅಷ್ಟನ್ನೂ ಮಗುಚಿ ನೋಡಿದೆ. ಎಂಬತ್ತು ವರ್ಷದ ಅಜ್ಜಿಯದೂ ಹತ್ತು, ಆರು ತಿಂಗಳ ಹೆಣ್ಣುಕೂಸಿನದೂ ಹತ್ತು. ನಮ್ಮಪ್ಪನ ಕೈಬರಹದಲ್ಲಿ ನಮ್ಮಮ್ಮನದೂ ಹತ್ತು. ನನ್ನ ಎದೆ ಹೊಡೆದುಕೊಳ್ಳತೊಡಗಿತು. ಭಯಕ್ಕಲ್ಲ. ಎರಡು ವರ್ಷ ಪುಸ್ತಕದಲ್ಲಿ ಓದಿದ್ದು ಕಡೆಗೂ ನನ್ನ ಮೇಜಿನ ಮೇಲೆ, ನನ್ನ ಊರಿನ ಶಾಯಿಯಲ್ಲಿ ಬಂದು ಕೂತಿತ್ತಲ್ಲ, ಆ ಸಂಭ್ರಮಕ್ಕೆ.

ನಮ್ಮೂರಿನಲ್ಲಿ ಹೆಂಗಸರ ಕುರ್ಚಿ ಎಷ್ಟು ಭಾರ ಎಂದು ಯಾರೂ ಕೇಳಬಾರದು. ಕೇಳಿದರೆ ಹತ್ತು ಕೆಜಿ ಎನ್ನಬೇಕು. ದಾರಿಯಲ್ಲಿ ಸಿಕ್ಕವರು ಊಟ ಆಯ್ತಾ ಎಂದರೆ ಹೊಟ್ಟೆ ಚುರುಗುಟ್ಟುತ್ತಿದ್ದರೂ ಆಯ್ತು ಎನ್ನುತ್ತೇವಲ್ಲ, ಹಾಗೆ. ಅದು ತೂಕವೆಂದು ನಾವ್ಯಾರೂ ತಿಳಿದಿರಲೇ ಇಲ್ಲ, ಮರ್ಯಾದೆ ಎಂದು ತಿಳಿದಿದ್ದೆವು. ಹೊರಗಿನ ಮನುಷ್ಯ ಪದ್ಮರಾಜಯ್ಯ ಅದನ್ನು ತೂಕವೆಂದು ತಿಳಿದು ಅದರ ಮೇಲೆ ಮೂರು ಅಂತಸ್ತು ಎಬ್ಬಿಸಿಬಿಟ್ಟಿದ್ದರು.

ಮಾರನೇ ದಿನದಿಂದ ಕಚೇರಿ ಬಿಟ್ಟ ಮೇಲೆ ಒಂದೊಂದೇ ಮನೆಗೆ ಹೋದೆ. ಕುರ್ಚಿಯ ಮಾತೇ ಎತ್ತಲಿಲ್ಲ. ನಿನ್ನೆ ಎದ್ದಾಗಿನಿಂದ ಏನೇನಾಯ್ತು ಎಂದು ಕೇಳಿದೆ, ಕೇಳಿ ಹೊಸಿಲಿನ ಮೇಲೆ ಕೂತೆ. ಮೊದಲು ಎಲ್ಲರೂ ನಕ್ಕರು. "ಅಯ್ಯೋ, ಅದರಲ್ಲೇನಿದೆ ಬರ್ಕೊಳ್ಳೋಕೆ," ಎಂದರು. ಆಮೇಲೆ ಹೇಳತೊಡಗಿದರು, ಹೇಳುತ್ತಾ ಹೇಳುತ್ತಾ ದನಿ ಇಳಿಸಿದರು, ಕೆಲವರು ತಾವೇ ಬೆರಗಾಗಿ ನಡುವೆ ನಿಲ್ಲಿಸಿದರು. ಜಯಶೀಲಮ್ಮ ಎಮ್ಮೆಗೆ ಹುಲ್ಲು ಹಾಕುತ್ತಾ ಇಡೀ ದಿನ ಒಪ್ಪಿಸಿ, ಕಡೆಗೆ, "ಬಸ್ಸಲ್ಲಿ ಕೂತಿದ್ದು ಸೇರಿಸ್ಬೋದಾ?" ಎಂದು ಕೇಳಿದರು. ಸಾಲಿನ ಅಷ್ಟೂ ಹೆಂಗಸರು ದಿನಕ್ಕೆ ತಮ್ಮ ಕುರ್ಚಿಯಲ್ಲಿ ಕೂತದ್ದು ಕೂಡಿಸಿ ಭಾಗಿಸಿದರೆ ತಲೆಗೆ ನಾಲ್ಕು ನಿಮಿಷ ಬರಲಿಲ್ಲ.

ಉಳಿದವರು ಒಬ್ಬರು. ಮನೆ ಬದಲಿಸುವವರ ಕುರ್ಚಿ ಹೊರುವ ಹಮಾಲರ ಮುಖಂಡ ಇಮಾಮ್ ಸಾಬರು. ಹೆಂಗಸರ ಕುರ್ಚಿಯ ತೂಕ ಬಾಯಿಬಿಟ್ಟು ಹೇಳುವುದಿಲ್ಲವೆಂದು ಅವರ ಕಸುಬಿನಲ್ಲಿ ಆಣೆ ಇದೆ. ನಾನು ತೂಕ ಕೇಳಲಿಲ್ಲ. "ಸಾಬ್ರೇ, ಒಂದು ಮನೆ ಸಾಗಿಸೋಕೆ ಎಷ್ಟು ಜನ ಕರ್ಕೊಂಡು ಹೋಗ್ತೀರಿ?" ಎಂದೆ. ಅವರು ಬೀಡಿ ಆರಿಸಿ ನನ್ನ ಮುಖ ನೋಡಿದರು. "ಯಜಮಾನ್ರ ಕುರ್ಚಿಗೆ ನನ್ನ ಮೊಮ್ಮಗಳು ಸಾಕು ತಾಯಿ. ಅಮ್ಮಾವ್ರದಕ್ಕೆ ಎಂಟು ಆಳು. ಮೆಟ್ಟಿಲು ಹತ್ತಿಸ್ಬೇಕು ಅಂದ್ರೆ ನನಗೆ ಗೊತ್ತಿಲ್ಲ, ಈವರೆಗೆ ಯಾರೂ ಹತ್ತಿಸಿಲ್ಲ," ಎಂದರು.

ವರದಿ ಬರೆದು ಮುಗಿಸಿದೆ. ಒಂಬತ್ತು ಪುಟ. ನನ್ನ ಜೀವಮಾನದಲ್ಲಿ ಅಷ್ಟು ಹೆಮ್ಮೆಯಿಂದ ಏನನ್ನೂ ಬರೆದಿರಲಿಲ್ಲ. ಬರೆದವಳು ಅದನ್ನು ಎರಡು ದಿನ ಚೀಲದಲ್ಲೇ ಇಟ್ಟುಕೊಂಡು ತಿರುಗಿದೆ. ಕೊಟ್ಟರೆ ಮಹಡಿಗೆ ಬೀಗ ಬೀಳುತ್ತದೆ, ಅಮ್ಮನ ಮೂರನೇ ಮಹಡಿ ಹೋಗುತ್ತದೆ. ಕೊಡದಿದ್ದರೆ ಒಂದು ದಿನ ಆ ಮಹಡಿಯೇ ಹೋಗುತ್ತದೆ. ಇಷ್ಟು ಸರಳವಾದ ವಿಷಯಕ್ಕೆ ನನ್ನ ಕೈಕಾಲು ಆಡದೆ ಹೋಯಿತು, ಯಾಕೆಂದರೆ ಬೆಳಿಗ್ಗೆ ಅಮ್ಮ ಹಳೆಯ ಸೀರೆ ಕತ್ತರಿಸಿ ಆ ಕಿಟಕಿಗೆ ಪರದೆ ಹೊಲಿಯುತ್ತಿದ್ದಳು. ಮೂರನೇ ದಿನ ನನ್ನ ಚೀಲದಿಂದ ಊಟದ ಡಬ್ಬಿ ತೆಗೆಯಲು ಹೋಗಿ ಅವಳೇ ಅದನ್ನು ತೆಗೆದು ಓದಿದಳು. ನಿಧಾನಕ್ಕೆ, ಬೆರಳಿಟ್ಟು ಓದಿದಳು. ಪಡಸಾಲೆಯಲ್ಲಿ ಅಪ್ಪ ಪತ್ರಿಕೆ ಮಡಚುತ್ತಿದ್ದರು.

"ನಂದು ಎಷ್ಟು ಅಂತ ಬರೆದಿದೀಯ?" ಎಂದಳು.

"ಅಂದಾಜು ನೂರು ಕೆಜಿ, ಅಮ್ಮ."

"ಕಮ್ಮಿ ಬರೆದಿದೀಯ."

ಅಪ್ಪ ಎದ್ದು ಬಂದರು. "ನೀನು ಓದಿದ್ದೇ ನಮ್ಮನ್ನ ಬೀದಿಗೆ ತರೋಕಾ? ಬರೋ ತಿಂಗಳ ಕೊನೆಗೆ ಈ ಮನೆ ಕೆಡವ್ತಾರೆ. ಎಲ್ಲಿಗೆ ಹೋಗೋಣ?" ಎಂದರು. ಅಮ್ಮ ಒಂಬತ್ತೂ ಪುಟ ಸರಿಮಾಡಿ ನನ್ನ ಕೈಗೆ ಕೊಟ್ಟಳು. "ನಾವು ಮೇಲಿರ್ತೀವಿ. ಬಿದ್ರೆ ಕೆಳಗಿನ ಮನೇಲಿರೋ ಜಯಶೀಲಮ್ಮನ ಮಕ್ಕಳ ಮೇಲೆ ಬೀಳ್ತೀವಿ. ಕೊಟ್ಟು ಬಾ, ನಾನೂ ಬರ್ತೀನಿ," ಎಂದು ಸೆರಗು ಸರಿಮಾಡಿಕೊಂಡಳು. ಅವಳ ಕಣ್ಣು ತುಂಬಿತ್ತು. ನನಗೆ ಆ ಕ್ಷಣ ಮೇಡಂಗಿಂತ, ಪುಸ್ತಕಗಳಿಗಿಂತ ಇವಳೇ ದೊಡ್ಡವಳು ಅನ್ನಿಸಿತು.

ಪುರಸಭೆಯಲ್ಲಿ ಅಂದು ನಡೆದದ್ದನ್ನು ಊರು ಇಂದಿಗೂ ಬಣ್ಣ ಹಚ್ಚಿ ಹೇಳುತ್ತದೆ; ನಾನು ಕಂಡಷ್ಟು ಹೇಳುತ್ತೇನೆ. ಅಧ್ಯಕ್ಷರು ಮೊದಲ ಪುಟ ಓದಿ ನಕ್ಕರು, ಎರಡನೇ ಪುಟಕ್ಕೆ ಸಿಟ್ಟಾದರು. ಪದ್ಮರಾಜಯ್ಯನವರು, "ಮನೆ ಯಜಮಾನರೇ ಬರೆದುಕೊಟ್ಟಿದಾರಲ್ಲಮ್ಮ, ಸಹಿ ಇದೆ," ಎಂದು ಫಾರಂ ತೋರಿಸಿದರು. "ಸರ್, ಆರು ತಿಂಗಳ ಕೂಸಿನ ಕುರ್ಚಿಯೂ ಹತ್ತು ಕೆಜಿ ಹೇಗಾಗುತ್ತೆ?" ಎಂದೆ. ಅವರು ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು. "ಹಾಗಾದ್ರೆ ಒಂದನ್ನಾದರೂ ತೂಗಿ ನೋಡೋಣ," ಎಂದರು. ಅಧ್ಯಕ್ಷರು ಮೇಜು ಕುಟ್ಟಿದರು. "ಹೆಂಗಸರ ಕುರ್ಚಿ ತೂಗಿ ಯಾರ ಮನೆ ಮಾನ ಕಳೀತೀರಿ? ಯಾರು ಒಪ್ತಾರೆ?"

ಬಾಗಿಲಲ್ಲಿ ನಿಂತಿದ್ದ ಅಮ್ಮ, "ನಮ್ಮನೇದು ತೂಗಿ," ಎಂದಳು.

ಅಕ್ಕಿ ಗಿರಣಿಯ ದೊಡ್ಡ ತೂಕದ ಯಂತ್ರವನ್ನು ನಮ್ಮ ಹಿತ್ತಲಿಗೆ ತಂದರು. ಬಟ್ಟೆಯ ಹಗ್ಗ ಬಿಚ್ಚಿದರು. ಇಮಾಮ್ ಸಾಬರ ಎಂಟು ಜನ ಮೊಣಕಾಲು ಮಡಿಚಿ, ಉಸಿರು ಕಟ್ಟಿ ಎತ್ತಿದರು. ಸಾಲಿನ ಹೆಂಗಸರು ಗೋಡೆಯಾಚೆ ನಿಂತು ಇಣುಕುತ್ತಿದ್ದರು. ಮುಳ್ಳು ಏರಿತು, ಐವತ್ತು ದಾಟಿತು, ನೂರು ದಾಟಿತು. ನೂರ ಇಪ್ಪತ್ತೆಂಟಕ್ಕೆ ನಿಂತಿತು. ಪದ್ಮರಾಜಯ್ಯನವರು ಅಲ್ಲೇ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕುಸಿದು ಕೂತರು. ಅಪ್ಪ ಮುಳ್ಳನ್ನೇ ನೋಡುತ್ತಿದ್ದರು. ಮೂವತ್ತು ವರ್ಷ ಅದಕ್ಕೆ ಹಗ್ಗ ಕಟ್ಟಿದ ಮನುಷ್ಯ, ಒಳಗೆ ಹೋಗಿ ಅಮ್ಮನಿಗೆ ಒಂದು ಲೋಟ ನೀರು ತಂದುಕೊಟ್ಟರು.

ಗೋಡೆಯಾಚೆಯಿಂದ ಜಯಶೀಲಮ್ಮ, "ನಂದು ಇದಕ್ಕಿಂತ ಜಾಸ್ತಿ ಇರುತ್ತೆ ಬೇಕಾದ್ರೆ ನೋಡಿ," ಎಂದರು. ಆ ದನಿಯಲ್ಲಿ ನಾಚಿಕೆ ಇರಲಿಲ್ಲ, ಪಂಥ ಇತ್ತು. ಅಲ್ಲಿಗೆ ಹತ್ತು ಕೆಜಿಯ ಮರ್ಯಾದೆ ಮುಗಿಯಿತು. ಸಂಜೆಯೊಳಗೆ ನಾನು ಬರೆದ ಪಟ್ಟಿಯಲ್ಲಿದ್ದ ಅಷ್ಟೂ ಕುರ್ಚಿ ತೂಗಿ ಆಗಿತ್ತು. ಜಯಶೀಲಮ್ಮನದು ನೂರ ಮೂವತ್ತೊಂದು.

ಪದ್ಮರಾಜಯ್ಯನವರು ಎರಡು ದಿನ ಊಟ ಬಿಟ್ಟು ಲೆಕ್ಕ ಹಾಕಿದರು. ಕಂಬ ದಪ್ಪ ಮಾಡಲು ಒಂದು ವರ್ಷ ಬೇಕು, ಮನೆ ಕೆಡವಲು ಉಳಿದಿರುವುದು ನಲವತ್ತೈದು ದಿನ. ಒಂದೊಂದು ಮನೆಯ ಕುರ್ಚಿಗಳೆಲ್ಲ ಸೇರಿ ಅರವತ್ತು ಕೆಜಿ ದಾಟದಿದ್ದರೆ ಮಾತ್ರ ಮಹಡಿ ನಿಲ್ಲುತ್ತದೆ ಎಂದರು. ಸಭೆಯಲ್ಲಿ ಎಲ್ಲರೂ ತಲೆ ಕೆಳಗೆ ಹಾಕಿದರು. ನನಗೆ ನಗು ಬಂತು, ತಡೆಯಲಾಗಲಿಲ್ಲ.

"ಹಾಗಾದ್ರೆ ಕೂರಲಿ," ಎಂದೆ. "ದಿನಾ ಒಂದು ಗಂಟೆ. ಗಂಟೆಗೆ ಎರಡು ಕೆಜಿ ಇಳಿಯುತ್ತೆ ಅನ್ನೋದು ಊರಿಗೇ ಗೊತ್ತು."

"ಯಾರು?" ಎಂದರು ಅಧ್ಯಕ್ಷರು.

"ಹೆಂಗಸರು ಸರ್."

ಅಷ್ಟು ಸುಲಭದ ಮಾತು ಅಷ್ಟು ಜನ ಬುದ್ಧಿವಂತರಿಗೆ ಹೊಳೆದಿರಲಿಲ್ಲ. ಮರುದಿನ ಆಟೋದ ಮೇಲೆ ಮೈಕು ಕಟ್ಟಿ ಸಾರಿಸಿದರು: ಗಿರಣಿ ಸಾಲಿನ ಹೆಂಗಸರು ಪ್ರತಿದಿನ ಒಂದು ಗಂಟೆ ಕಡ್ಡಾಯವಾಗಿ ತಮ್ಮ ಕುರ್ಚಿಯಲ್ಲಿ ಕೂರತಕ್ಕದ್ದು. ಮೇಲ್ವಿಚಾರಣೆಗೆ ದಾಕ್ಷಾಯಿಣಿ, ಎಂ.ಎ. ಊರು ನನಗೆ ಕೂರಿಸೋ ಮೇಡಂ ಎಂದು ಹೆಸರಿಟ್ಟಿತು. ದೊಡ್ಡಪ್ಪ ಮತ್ತೆ ಎಲ್ಲರಿಗೂ ಹೇಳಿ ನಗಿಸಿದರು, ಆದರೆ ಈ ಸಲ "ನಮ್ಮ ಹುಡುಗಿ" ಎಂದು ಸೇರಿಸುತ್ತಿದ್ದರಂತೆ.

ಕೂರುವುದು ಎಷ್ಟು ಕಷ್ಟ ಎಂದು ನನಗೆ ಯಾವ ಪುಸ್ತಕವೂ ಹೇಳಿರಲಿಲ್ಲ. ಮೊದಲ ದಿನ ಅಮ್ಮ ಕೂತಳು, ಒಗ್ಗರಣೆ ಸೀಯ್ತು ಎಂದು ಎದ್ದಳು. ಕೂತಳು, ಹಾಲಿನವನು ಬಂದ ಎಂದು ಎದ್ದಳು. ಒಂದು ಗಂಟೆಯಲ್ಲಿ ಹದಿನೇಳು ಸಲ ಎದ್ದಳು, ನಾನು ಗೀಟು ಹಾಕಿ ಎಣಿಸಿದೆ. ಸುಮ್ಮನೆ ಕೂರೋದ್ಯಾಕೆ ಎಂದು ಹಲವರು ಮಡಿಲಲ್ಲಿ ಅವರೆಕಾಯಿ ಹಾಕಿಕೊಂಡು ಸುಲಿಯುತ್ತಾ ಕೂತರು. ವಾರದ ಕೊನೆಗೆ ತೂಗಿದರೆ ಒಂದು ಗುಲಗಂಜಿಯಷ್ಟೂ ಇಳಿದಿಲ್ಲ. ಮಡಿಲಲ್ಲಿ ಕೆಲಸ ಇದ್ದರೆ ಕುರ್ಚಿ ಒಪ್ಪುವುದಿಲ್ಲ ಎಂಬುದು ಆಗಲೇ ತಿಳಿದದ್ದು. ಏಳು ದಿನ ಹಾಳು. ಮೂರನೇ ಮಹಡಿ ಕೈತಪ್ಪುವ ಹಾಗೆ ಕಂಡಿತು. ಇನ್ನು ದಿನಕ್ಕೆ ಒಂದು ಗಂಟೆಯಲ್ಲಿ ಆಗುವುದಿಲ್ಲ, ಒಂದೂಕಾಲು ಗಂಟೆ, ಬರಿಗೈಯಲ್ಲಿ ಎಂದು ಮನೆ ಮನೆಗೆ ಹೇಳಿ ಬಂದೆ. ಜಯಶೀಲಮ್ಮ ನನ್ನ ಮೇಲೆ ಹರಿಹಾಯ್ದರು. "ಬರೀಗೈಯಲ್ಲಿ ಕೂತ್ರೆ ಏನೇನೋ ಯೋಚ್ನೆ ಬರುತ್ತೆ ಕಣೇ ದಾಕ್ಷಿ. ಸತ್ತೋದ ಅಮ್ಮ ನೆನಪಾಗ್ತಾಳೆ. ನಿನಗೇನು ಗೊತ್ತು?"

ನನಗೆ ಗೊತ್ತಿರಲಿಲ್ಲ. ಅದನ್ನೇ ಹೇಳಿದೆ, ಅವರ ಪಕ್ಕ ನೆಲದ ಮೇಲೆ ಕೂತು ಅವರ ಅಮ್ಮನ ಬಗ್ಗೆ ಕೇಳಿದೆ. ಒಂದೂಕಾಲು ಗಂಟೆ ಹೋದದ್ದೇ ತಿಳಿಯಲಿಲ್ಲ. ಆವತ್ತು ಅವರ ಕುರ್ಚಿ ಎರಡೂವರೆ ಕೆಜಿ ಇಳಿಯಿತು. ಸುದ್ದಿ ಹಬ್ಬಿತು. ಮಾತಾಡುತ್ತಾ ಕೂತರೆ ಕುರ್ಚಿಗೆ ಆಕ್ಷೇಪವಿಲ್ಲ ಎಂದಾದ ಮೇಲೆ ನೋಡಬೇಕಿತ್ತು ಗಿರಣಿ ಸಾಲನ್ನು. ಮಧ್ಯಾಹ್ನ ಮೂರಕ್ಕೆ ಕಿಟಕಿಯಿಂದ ಕಿಟಕಿಗೆ ಮಾತು ಹಾರತೊಡಗಿತು. ಒಳಗೆ ಗಂಡಸರು ಡಬ್ಬ ಹುಡುಕುವ ಸದ್ದು. "ಎಡಗಡೆ ಅಂದ್ನಲ್ಲ, ಎಡಗಡೆ, ನೀಲಿ ಮುಚ್ಚಳ," ಎಂದು ಅಮ್ಮ ಕೂತಲ್ಲಿಂದಲೇ ಹೇಳುತ್ತಿದ್ದಳು. ಅಪ್ಪ ಸಕ್ಕರೆ ಎಂದು ಉಪ್ಪು ಹಾಕಿದ ಕಾಫಿಯನ್ನು ಮರ್ಯಾದೆಗೆ ತಾವೇ ಕುಡಿಯುತ್ತಿದ್ದರು. ಅತ್ತೆಯಂದಿರು ಸೊಸೆ ಕೂತದ್ದು ನೋಡಿ ಕುದಿದರು, ಆದರೆ ಸೊಸೆಯ ಕುರ್ಚಿ ಇಳಿಯದಿದ್ದರೆ ತಮಗೂ ಮನೆಯಿಲ್ಲ. "ಎದ್ದೀಯ ಜೋಕೆ," ಎಂದು ಅತ್ತೆ ಸೊಸೆಯನ್ನು ಗದರಿಸಿದ್ದನ್ನು ಈ ಕಿವಿಯಾರೆ ಕೇಳಿದ್ದೇನೆ.

ಕುರ್ಚಿಗಳು ಎಳೆಯುವಷ್ಟು ಹಗುರಾದ ಮೇಲೆ ಹೆಂಗಸರು ಅವನ್ನು ಹಿತ್ತಲಿಂದ ನಡುಮನೆಗೆ ತಂದರು. ಇನ್ನೊಂದು ವಾರಕ್ಕೆ ಜಗಲಿಗೆ. ಮೂವತ್ತೈದನೇ ದಿನ ನಾನು ಕಚೇರಿಯಿಂದ ಓಡೋಡಿ ಬಂದರೆ ಬೀದಿಯಲ್ಲಿ ಸೈಕಲ್ಲಿಗೂ ದಾರಿ ಇರಲಿಲ್ಲ. ಸಾಲಿನ ಹೆಂಗಸರಷ್ಟೂ ಬೀದಿಯ ಎರಡೂ ಬದಿಗೆ ಕುರ್ಚಿ ಹಾಕಿ, ಕಾಲ ಮೇಲೆ ಕಾಲು ಹಾಕಿ ಕೂತಿದ್ದರು. ಯಾರೋ ಹಾಡುತ್ತಿದ್ದರು. ಬಸ್ ನಿಲ್ದಾಣದ ಅಳತೆಗೆ ಬಂದಿದ್ದ ಸರ್ವೆಯವರು ಸರಪಳಿ ಹಿಡಿದುಕೊಂಡು ದಾರಿಗಾಗಿ ನಿಂತಿದ್ದರು. ನನ್ನನ್ನು ನೋಡಿ ಎಲ್ಲರೂ ಒಟ್ಟಿಗೆ ಕೂಗಿದರು, ನಾನು ಒಬ್ಬೊಬ್ಬರ ಹತ್ತಿರ ಹೋಗಿ ಪಟ್ಟಿಯಲ್ಲಿ ಗುರುತು ಹಾಕಿಕೊಂಡೆ. ಖುಷಿಗೆ ನನ್ನ ದುಂಡಗಿನ ಅಕ್ಷರ ಸೊಟ್ಟಗಾಯಿತು. ಆ ದಿನಗಳಲ್ಲಿ ನನಗೆ ಹಸಿವು ನಿದ್ದೆಗಳ ಪರಿವೆ ಇರಲಿಲ್ಲ. ಬೆಳಿಗ್ಗೆ ಆರಕ್ಕೆ ಮನೆ ಬಿಟ್ಟರೆ ಮನೆ ಮನೆ, ಕಚೇರಿ, ಮತ್ತೆ ಮನೆ ಮನೆ. ಓದಿದ್ದಕ್ಕೆ ಸಾರ್ಥಕ ಅನ್ನುವುದು ಇದೇ ಇರಬೇಕು ಅಂದುಕೊಂಡಿದ್ದೆ.

ನಲವತ್ತೈದನೇ ದಿನ ಕಟ್ಟಡದ ಮೆಟ್ಟಿಲ ಬುಡದಲ್ಲಿ ತೂಕದ ಯಂತ್ರ ಇಟ್ಟರು. ಮಾರನೇ ಬೆಳಿಗ್ಗೆಯೇ ಗಿರಣಿ ಸಾಲು ಕೆಡವಲು ಯಂತ್ರಗಳು ಬರುವುದಿದ್ದವು. ಸೂರ್ಯ ಮುಳುಗುವುದರೊಳಗೆ ಅರವತ್ತರ ಒಳಗೆ ಬಂದ ಮನೆಗಳಿಗೆ ಬೀಗದ ಕೈ, ಬಾರದ ಮನೆಯವರು ಸಂತೆಯ ಹಿಂದಿನ ತಗಡಿನ ಶೆಡ್ಡಿಗೆ. ಇಮಾಮ್ ಸಾಬರು ತೂಗಿ ಕೂಗುತ್ತಿದ್ದರು, ನಾನು ಬರೆಯುತ್ತಿದ್ದೆ. ಜಯಶೀಲಮ್ಮನ ಮನೆ ಐವತ್ತೊಂಬತ್ತು ಬಂದಾಗ ಜನ ಚಪ್ಪಾಳೆ ತಟ್ಟಿದರು. ಮಧ್ಯಾಹ್ನ ಎರಡೂವರೆಗೆ ನಮ್ಮ ಸರದಿ.

"ಚನ್ನಬಸಪ್ಪನೋರದು ಎರಡು," ಎಂದರು ಸಾಬರು. "ಪುಟ್ಟಗೌರಮ್ಮನೋರದು ನಲವತ್ತು." ಅಮ್ಮ ಕಣ್ಣು ಮುಚ್ಚಿ ತೆರೆದಳು. ನಾನು ಆಗಲೇ ಬೀಗದ ಕೈಗೆ ಕೈಚಾಚಿದ್ದೆ. ಸಾಬರು ಕೆಮ್ಮಿದರು. "ಇನ್ನೊಂದೈತೆ ತಾಯಿ. ನಿಮ್ಮದು."

ನನ್ನ ಕುರ್ಚಿಯನ್ನು ಇಬ್ಬರು ಹೊತ್ತು ತಂದರು. ಇಬ್ಬರು ಬೇಕಾಯಿತು ಎಂಬುದನ್ನು ನೋಡಿಯೇ ಬೀಗದ ಕೈಗೆ ಚಾಚಿದ್ದ ಕೈಯನ್ನು ಹಿಂದಕ್ಕೆ ಎಳೆದುಕೊಂಡೆ. ಮುಳ್ಳು ಇಪ್ಪತ್ತನಾಲ್ಕಕ್ಕೆ ನಿಂತಿತು. ಎಲ್ಲ ಸೇರಿ ಅರವತ್ತಾರು.

ಕೆಲಸಕ್ಕೆ ಸೇರಿ ಎಂಟು ತಿಂಗಳಾಗಿತ್ತು. ಕಚೇರಿಯ ಸ್ಟೂಲಿನ ಮೇಲೆ ಕೂತಿದ್ದೆ, ನಲವತ್ತೆಂಟು ಮನೆಗಳ ಹೊಸಿಲ ಮೇಲೆ, ಜಗಲಿಯ ಮೇಲೆ, ನೆಲದ ಮೇಲೆ ಕೂತಿದ್ದೆ. ನನ್ನ ಕುರ್ಚಿಯಲ್ಲಿ ಒಂದು ದಿನವೂ ಕೂತಿರಲಿಲ್ಲ. ಗಿರಣಿ ಸಾಲಿನ ಹೆಂಗಸರ ಪಟ್ಟಿಯನ್ನು ನನ್ನ ಕೈಯಾರೆ ಬರೆದಿದ್ದೆ, ಅದರಲ್ಲಿ ನನ್ನ ಹೆಸರೇ ಇರಲಿಲ್ಲ. ಇಡೀ ಊರು ನನ್ನನ್ನು ನೋಡುತ್ತಿತ್ತು. ನಾಚಿಕೆಯಿಂದ ಮುಖ ಕಾದುಹೋಯಿತು. ಅಮ್ಮನ ಮೂರನೇ ಮಹಡಿಗೂ ಅವಳಿಗೂ ನಡುವೆ ಅಡ್ಡ ನಿಂತದ್ದು ಕಂಬವಲ್ಲ, ತೊಲೆಯಲ್ಲ, ನಾನು.

ಯಾರೂ ನಗಲಿಲ್ಲ. ಅಮ್ಮ ಪದ್ಮರಾಜಯ್ಯನವರ ಕಡೆ ತಿರುಗಿ, "ಎಷ್ಟು ಹೊತ್ತಿನವರೆಗೆ ಅಂದ್ರಿ?" ಎಂದು ಕೇಳಿದಳು.

"ಆರೂವರೆ ತಾಯಿ. ಅದರ ಮೇಲೆ ನನ್ನ ಕೈಲಿಲ್ಲ."

"ಆರು ಕೆಜಿಗೆ ಮೂರು ಗಂಟೆ," ಎಂದಳು ಅಮ್ಮ. ನನ್ನ ಕುರ್ಚಿಯನ್ನು ಯಂತ್ರದಿಂದ ಇಳಿಸಿ ಅಂಗಳದ ನಡುವೆ ಇಡಿಸಿದಳು. "ಕೂತ್ಕೋ."

"ಅಮ್ಮ, ಇನ್ನೂ ಹನ್ನೊಂದು ಮನೆ ತೂಗ್ಬೇಕು. ಪಟ್ಟಿ ನನ್ನ ಹತ್ರ ಇದೆ. ಕೂತಲ್ಲೇ ಬರೀತೀನಿ."

ಜಯಶೀಲಮ್ಮ ಬಂದು ನನ್ನ ಕೈಯಿಂದ ಪಟ್ಟಿ ಕಿತ್ತುಕೊಂಡರು, ಪೆನ್ನನ್ನೂ ಕಿತ್ತುಕೊಂಡರು. "ಬರೀಗೈ," ಎಂದರು.

ಕೂತೆ. ಹತ್ತು ನಿಮಿಷಕ್ಕೆ ಕಾಲು ಜುಮ್ಮೆಂದಿತು. ಅಲ್ಲಿ ಯಾರೋ ತಪ್ಪು ಕೂಡಿಸುತ್ತಿದ್ದರು, ಇಲ್ಲಿ ಯಾರೋ ಸರದಿ ತಪ್ಪಿಸುತ್ತಿದ್ದರು, ನನ್ನ ಮೈಯೆಲ್ಲ ಎದ್ದೇಳು ಎದ್ದೇಳು ಎನ್ನುತ್ತಿತ್ತು. ಅರ್ಧ ಗಂಟೆ ಕಳೆದ ಮೇಲೆ ಯಾಕೋ ಅಳು ಬಂತು. ಎಂಟು ತಿಂಗಳ ದಣಿವು ಒಟ್ಟಿಗೆ ಬಂದು ತೊಡೆಯ ಮೇಲೆ ಕೂತ ಹಾಗಾಯಿತು. ಸಾಲಿನ ಹೆಂಗಸರು ಒಬ್ಬೊಬ್ಬರಾಗಿ ಬಂದು ಸುತ್ತ ನಿಂತರು. "ನಿನ್ನೆ ಎದ್ದಾಗಿನಿಂದ ಏನೇನಾಯ್ತು ಹೇಳು," ಎಂದು ಅಮ್ಮ ಕೇಳಿದಳು. ಹೇಳತೊಡಗಿದೆ. ಹೇಳಿದಷ್ಟೂ ಇತ್ತು.

ಐದು ಗಂಟೆಯ ಹೊತ್ತಿಗೆ ಅಧ್ಯಕ್ಷರು ಜನರನ್ನು ಸರಿಸಿಕೊಂಡು ಅವಸರದಿಂದ ಬಂದರು. ಮುಖ ಅರಳಿತ್ತು. "ಎಲ್ಲಿ ನಮ್ಮ ದಾಕ್ಷಾಯಿಣಿ? ಬಾಮ್ಮ ಬೇಗ, ಜಿಲ್ಲೆಯಿಂದ ಸಾಹೇಬರು ಬಂದಿದಾರೆ. ನಿನ್ನ ವರದಿ ನೋಡಿದಾರೆ. ಇಂಥಾ ಕೆಲಸಕ್ಕೆ ಒಂದು ಖಾಯಂ ಹುದ್ದೆ ಮಾಡ್ತಾರಂತೆ, ನಿನ್ನನ್ನೇ ಕರೀತಿದಾರೆ. ಕಾರಿನಲ್ಲಿ ಕಾಯ್ತಿದಾರೆ, ಏಳು ಏಳು."

ಎಂಟು ತಿಂಗಳಿಂದ ನಾನು ಕಾದಿದ್ದ ಮಾತು ಅದು. ನನಗೆ ಅರಿವಿಲ್ಲದೆಯೇ ಸೊಂಟ ಕುರ್ಚಿಯಿಂದ ಒಂದಿಷ್ಟು ಮೇಲೆದ್ದಿತ್ತು. ಅಮ್ಮನ ಕೈ ನನ್ನ ಹೆಗಲ ಮೇಲೆ ಬಂತು. ಅವಳು ಒತ್ತಲಿಲ್ಲ, ಸುಮ್ಮನೆ ಇಟ್ಟಳು.

"ಅವಳು ಕೂತಿದಾಳೆ," ಎಂದಳು ಅಧ್ಯಕ್ಷರಿಗೆ. "ಇನ್ನೂ ಅರ್ಧ ಗಂಟೆ ಇದೆ. ಕಾಯ್ಬೇಕು."

ಅಧ್ಯಕ್ಷರು ಕಾದರು.